ಹಿಮ್ಮಡಿಯ ಕಾಳು

ವಾರಕ್ಕೆ ಎರಡು ಸಲ ನಾನು ಹುಮನಾಬಾದಿನಿಂದ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ, ಒಬ್ಬ ಮುದುಕನ ಅಂಗಾಲು ನೋಡಿ ಬರುತ್ತೇನೆ. ಓಣಿಯವರು ಇದನ್ನು ಸೇವೆ ಅನ್ನುತ್ತಾರೆ. ಸೇವೆಯಲ್ಲ, ಶಿಕ್ಷೆ. ಆ ಕಾಲಿಗೆ ಎರಡು ಬೆರಳಿಲ್ಲ. ಇಲ್ಲದಂತೆ ಮಾಡಿದವನು ನಾನು.

ನಾನು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನವನು. ಹತ್ತನೆಯ ತರಗತಿ ಮುಗಿಸಿ ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ, ರೈತರ ಮಾಲು ಮಾರಿಸಿಕೊಡುವ ಒಂದು ಅಡತ ಅಂಗಡಿಯಲ್ಲಿ ತೂಕ ಬರೆಯಲು ಸೇರಿದೆ. ಅಲ್ಲಿಯ ಹಮಾಲರ ಮುಖಂಡನೇ ಈ ಮುದುಕ. ಎಲ್ಲರೂ ಅವನನ್ನು ಮುಕಾದಮ ಎಂದೇ ಕರೆಯುತ್ತಿದ್ದರು. ಆಗ ಅವನು ಜೋಳದ ಚೀಲವನ್ನು ಒಂದೇ ಎತ್ತಿಗೆ ಹೆಗಲಿಗೆ ಹಾಕಿಕೊಳ್ಳುವ ಗಂಡಸು. ರಾಶಿಯ ಹತ್ತಿರ ಯಾರೂ ಚಪ್ಪಲಿ ಮೆಟ್ಟಿ ಬರಬಾರದು ಎನ್ನುವುದು ಹೊಲದ ಕಣದ ಪದ್ಧತಿ. ಅದನ್ನು ಪೇಟೆಯ ಸಿಮೆಂಟು ಅಂಗಳಕ್ಕೂ ತಂದವನು ಅವನೇ. ಸಾವುಕಾರರು ಬಂದರೂ ಬಿಡುತ್ತಿರಲಿಲ್ಲ.

ಒಂದು ದಿನ ಬೇಮಳಖೇಡದ ರೈತರೊಬ್ಬರು ಜೋಳ ತಂದಿದ್ದರು. ತಮ್ಮ ಮಗಳಿಗೆ ನನ್ನನ್ನು ನೋಡಿಕೊಂಡು ಹೋಗುವ ವಿಚಾರವೂ ಅವರ ಮನಸ್ಸಿನಲ್ಲಿತ್ತು, ಅದು ನನಗೂ ಗೊತ್ತಿತ್ತು. ನಾನು ಚಪ್ಪಲಿ ಬಿಟ್ಟು, ರಾಶಿ ದಾಟಿ, ತಕ್ಕಡಿಯ ಕಡೆಗೆ ಹೊರಟೆ.

"ಏ ಮಾಸ್ತರ, ನಿಂದರು! ಕಾಲ್ ಎತ್ತು," ಎಂದ ಮುಕಾದಮ. ನಾನು ಹತ್ತನೆಯ ತರಗತಿ ಓದಿದ್ದಕ್ಕೆ ಅವನು ಇಟ್ಟ ಹೆಸರು ಅದು.

ಎತ್ತಿದೆ. ಎರೆ ಹೊಲದಲ್ಲಿ ಬರಿಗಾಲಲ್ಲಿ ಬೆಳೆದ ನನ್ನ ಹಿಮ್ಮಡಿ ಬೇಸಿಗೆಯ ಕೆರೆಯ ತಳದಂತೆ ಸೀಳಿತ್ತು. ಅವನು ಬಗ್ಗಿ, ಒಂದು ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಜೋಳದ ಕಾಳನ್ನು ಉಗುರಿನಿಂದ ಕಿತ್ತು ಮೇಲೆ ಹಿಡಿದ.

"ನೋಡ್ರಪ್ಪೋ! ಎಲ್ಲಾರೂ ಕಿಸೆದಾಗ ಕದ್ರ ನಮ್ ಮಾಸ್ತರ ಹಿಮ್ಮಡದಾಗ ಕದಿತಾನ! ಕಾಕಾ, ನಿಮ್ಮ ತೂಕ ಕಮ್ಮಿ ಬಂದ್ರ ನಮ್ಮನ್ನ ಕೇಳಬ್ಯಾಡ್ರಿ, ಇವನ ಕಾಲ್ ಜಾಡಿಸ್ರಿ!"

ಹಮಾಲರು ನಕ್ಕರು. ಬೇಮಳಖೇಡದವರೂ ನಕ್ಕರು. ಆದರೂ ಮಗಳನ್ನು ಕೊಟ್ಟರು. ಮದುವೆಯಲ್ಲಿ ಮಾವ ತಾಮ್ರದ ತಟ್ಟೆಯಲ್ಲಿ ನನ್ನ ಕಾಲು ತೊಳೆಯಲು ಕೂತಾಗ, ಜನರ ಹಿಂದಿನಿಂದ ಅದೇ ದನಿ ಬಂತು: "ಛಲೋ ತಿಕ್ಕಿ ತೊಳೀರಿ ಕಾಕಾ! ಮುಂದಿನ ಬಿತ್ತನಿಗಿ ಬೀಜ ಅಲ್ಲೇ ಸಿಗ್ತದ!"

ಹಂದರವೇ ನಕ್ಕಿತು. ನನ್ನ ಪಕ್ಕದಲ್ಲಿ ಕೂತ ಹೊಸ ಹೆಂಡತಿಯ ಸೆರಗೂ ಅಲುಗಿತು. ಇವನು ಸಾಯುವುದರೊಳಗೆ ಇವನ ಕಾಲನ್ನೂ ನಾಲ್ಕು ಜನ ನೋಡಬೇಕು ಎಂದು ಅಕ್ಷತೆ ಬೀಳುವ ಹೊತ್ತಿನಲ್ಲೇ ಹರಕೆ ಹೊತ್ತಂತೆ ಹೊತ್ತುಕೊಂಡೆ.

ನಕ್ಕ ಹೆಂಡತಿಯೇ ಮದ್ದನ್ನೂ ಮಾಡಿದಳು. ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ, ಒರಟು ಕಲ್ಲಿನಿಂದ ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ, ಪಸೆ ಆರುವ ಮುಂಚೆ ಕೊಬ್ಬರಿ ಎಣ್ಣೆ ಸವರಿ, ಕಾಲುಚೀಲ ಹಾಕಿಸಿ ಮಲಗಿಸುತ್ತಿದ್ದಳು. ಸೀಳು ಕೂಡುವುದು ಹೀಗೆಯೇ, ಆದರೆ ನಿಧಾನ. ನನಗೆ ತಾಳ್ಮೆ ಇರಲಿಲ್ಲ. ಹಿಮ್ಮಡಿ ಮುಚ್ಚುವ ಬೂಟು ಕೊಂಡೆ. ಅಂಗಡಿಯಲ್ಲಿದ್ದದ್ದು ನನ್ನ ಕಾಲಿಗಿಂತ ಬಿಗಿ. ಕಿರುಬೆರಳಿನ ಮೇಲೆ ಆಣಿ ಎದ್ದಿತು. ಬ್ಲೇಡಿನಿಂದ ಕೊಯ್ದುಕೊಂಡೆ, ರಕ್ತ ಬಂತು, ಆಣಿ ಮತ್ತಷ್ಟು ದಪ್ಪಗಾಗಿ ಮರಳಿ ಬಂತು. ಒತ್ತುವ ಬೂಟು ಹೋಗದೆ ಆಣಿ ಹೋಗುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಮೂಲೆಯವರೆಗೆ ದುಂಡಗೆ ಕತ್ತರಿಸುತ್ತಿದ್ದೆ. ಅದು ಮಾಂಸದೊಳಕ್ಕೆ ಬೆಳೆದು ಕೀವಾಯಿತು. ಉಗುರನ್ನು ನೆಟ್ಟಗೆ ಕತ್ತರಿಸಬೇಕೆಂಬುದೂ ಆಮೇಲೆ ಕಲಿತ ವಿದ್ಯೆ. ಸಡಿಲು ಚಪ್ಪಲಿ ಹಾಕಿಕೊಂಡಿದ್ದರೆ ಎಲ್ಲವೂ ವಾಸಿಯಾಗುತ್ತಿತ್ತು. ಸಡಿಲು ಚಪ್ಪಲಿ ಹಾಕಿಕೊಂಡರೆ ಹಿಮ್ಮಡಿ ಕಾಣುತ್ತಿತ್ತು. ಹೀಗಾಗಿ ಕುಂಟಿದೆ. ಕುಂಟಿದಾಗಲೆಲ್ಲ ಮುಕಾದಮನ ಮುಖವೇ ಕಣ್ಣ ಮುಂದೆ.

ವರ್ಷಗಳು ಕಳೆದವು. ನನ್ನ ಹಿಮ್ಮಡಿ ನುಣುಪಾಯಿತು. ನಾನು ಅಂಗಡಿಯ ಗುಮಾಸ್ತನಾದೆ. ಮುಕಾದಮನಿಗೆ ವಯಸ್ಸಾಗಿ ಚೀಲ ಎತ್ತುವುದು ನಿಂತಿತು. ಹಳೆಯ ಆಳು ಎಂದು ಸಾವುಕಾರರು ಅವನನ್ನು ರಾಶಿ ಕಾಯಲು ಇಟ್ಟುಕೊಂಡರು. ಈಗ ಅವನು ನನ್ನ ಕೈಕೆಳಗೆ. ಅವನಿಗೆ ಸಕ್ಕರೆ ಕಾಯಿಲೆ ಬಂದಿದೆ, ಕಾಲು ಜೋಮು ಹಿಡಿಯುತ್ತದೆ ಎಂದು ಕೇಳಿದಾಗ, ಅವನ ಮನೆಯಿದ್ದ ಬಸವಕಲ್ಯಾಣದ ದವಾಖಾನೆಗೆ ನಾನೇ ಜೊತೆಗೆ ಬರುತ್ತೇನೆ ಎಂದೆ. ಚೀಟಿ ಓದಲು ಒಬ್ಬರು ಬೇಕು ಎಂದು ಅವನು ಖುಷಿಪಟ್ಟ. ನನಗೆ ಬೇಕಾಗಿದ್ದದ್ದು ಅವನ ಬರಿಗಾಲು ನೋಡುವುದು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವನನ್ನು ಮಲಗಿಸಿ, ದಾರದಂಥ ಒಂದು ತೆಳು ಎಳೆ ತೆಗೆದರು.

"ಕಣ್ಣ ಮುಚ್ರಿ ಅಜ್ಜಾ. ನಾ ಮುಟ್ಟಿದಾಗ ಹ್ಞೂಂ ಅನ್ರಿ."

ಹೆಬ್ಬೆರಳಿಗೆ ಒತ್ತಿದರು. ಅಂಗಾಲಿಗೆ ಒತ್ತಿದರು. ಹಿಮ್ಮಡಿಗೂ ಒತ್ತಿದರು. ಅವನು ಕಣ್ಣು ಮುಚ್ಚಿಕೊಂಡೇ ಇದ್ದ.

"ಸುರು ಮಾಡ್ರಿ ಡಾಕ್ಟರಬಾಯಿ, ಬಸ್ ಹೋಗ್ತದ!"

ಡಾಕ್ಟರು ನಗಲಿಲ್ಲ. ನನ್ನ ಕಡೆಗೆ ತಿರುಗಿ ಹೇಳಿದರು: "ಇವರ ನರ ಸತ್ತಾವ ಕಾಕಾ. ಮುಳ್ಳ ಚುಚ್ಚಿದ್ರೂ, ಬೆಂಕಿ ಸುಟ್ಟರೂ ಇವರಿಗೆ ತಿಳಿಯಂಗಿಲ್ಲ. ಮನಿಯೊಳಗೂ ಬರಿಗಾಲಲೆ ನಡೀಬಾರದು. ಚಪ್ಪಲಿ ಹಾಕೊಳ್ಳೋಕಿಂತ ಮೊದಲ ಒಳಗ ಕೈ ಹಾಕಿ ನೋಡಬೇಕು. ಸ್ನಾನದ ನೀರು ಮೊಣಕೈ ಹಚ್ಚಿ ನೋಡಬೇಕು. ದಿನಾ ಅಂಗಾಲ ನೋಡಬೇಕು, ಬೆರಳ ಸಂದಿ ಒಣಗಿಸಬೇಕು. ಸಣ್ಣ ಗುಳ್ಳಿ ಬಂದ್ರೂ ಅವತ್ತೇ ಕರ್ಕೊಂಡ ಬರ್ರಿ. ಎಲ್ಲಾ ನೀವೇ ನೆನಪಿಟ್ಟಕೋರಿ, ಅವರು ನಗ್ಯಾಡತಾರ."

ಒಂದು ಮಾತನ್ನೂ ಮರೆಯಲಿಲ್ಲ. ಮೆತ್ತನೆಯ ಅಟ್ಟೆಯ, ಪಟ್ಟಿ ಇರುವ ಚಪ್ಪಲಿಯನ್ನು ನಾನೇ ಆರಿಸಿ ಕೊಡಿಸಿದೆ. ಹಿಂದಿರುಗುವಾಗ ಬಸ್ಸಿನ ಕಿಟಕಿಯ ಗಾಳಿ ಎಂದೂ ಇಲ್ಲದಷ್ಟು ತಂಪಾಗಿತ್ತು. ಅವನ ಬೀಗದ ಕೈ ನನಗೆ ಸಿಕ್ಕಿತ್ತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ. ಅಂಗಳದಲ್ಲಿ ಜೋಳ ಹರವಿತ್ತು. ಸಿಮೆಂಟು ಕಾದ ಹಂಚಿನಂತಿತ್ತು. ಹಮಾಲರು ಗೋಣಿಚೀಲ ಹಾಸಿಕೊಂಡು, ಅದರ ಮೇಲೆಯೇ ಓಡಾಡುತ್ತಿದ್ದರು. ಮುಕಾದಮ ಮೆತ್ತನೆ ಚಪ್ಪಲಿಯಲ್ಲಿ ರಾಶಿಯ ಕಡೆಗೆ ಬಂದ. ಎಲ್ಲರಿಗೂ ಕೇಳುವಂತೆ ನಾನು ಕೂಗಿದೆ.

"ಮುಕಾದಮರ, ಚಪ್ಪಲಿ! ರಾಶಿ ಅದ."

ಅವನು ನಿಂತ. ಡಾಕ್ಟರ ಮಾತು ಅವನಿಗೂ ನೆನಪಾಯಿತೇನೋ, ಒಂದು ಕ್ಷಣ ಕಾಲು ನೋಡಿಕೊಂಡ. ನಾನು ಬಿಡಲಿಲ್ಲ. "ಸಾವುಕಾರರಿಗೂ ಬಿಡ್ತಿರಲಿಲ್ಲ ನೀವು. ಈಗ ನಿಮಗ ಬ್ಯಾರೆ ಕಾಯ್ದೆ ಏನು?"

"ಖರೇ ಹೇಳಿದಿ ಮಾಸ್ತರ," ಎಂದು ನಕ್ಕು ಚಪ್ಪಲಿ ಕಳಚಿದ. ಕಾಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಚೆ ತುದಿಯಲ್ಲಿ ಕಾಳಿನಲ್ಲಿ ಕಸ ಇದೆ, ನೋಡಿ ಬನ್ನಿ ಎಂದೆ. ಕಸವೇನೂ ಇರಲಿಲ್ಲ. ಕಾಲಿಗೆ ಬಿಸಿಯೇ ತಿಳಿಯದ ಅವನಿಗೆ ಗೋಣಿ ಯಾಕೆ ಬೇಕು? ಸಿಮೆಂಟಿನ ಮೇಲೆಯೇ ನಡೆದು ಹೋದ, ಅಲ್ಲಿ ನಿಂತು ಕಾಳು ಕೆದರಿದ.

"ಏನ್ರೀ ಕಾಲು ಇವು! ಇನ್ನೂ ಕಬ್ಬಿಣಾನೇ ಅದಾವ," ಎಂದು ಒಬ್ಬ ಹಮಾಲ ಬೆರಗಾದ.

"ಜ್ವಾಳ ತಿಂದ ಕಾಲಪ್ಪ! ನಿಮ್ಮಂಗ ಪಾವ್ ತಿಂದವಲ್ಲ," ಎಂದು ಅಲ್ಲಿಂದಲೇ ಕೂಗಿದ.

ನೆರಳಿನಲ್ಲಿ ಕೂತು ನೋಡಿದೆ. ಸುಳ್ಳು ಬರೆಯುವುದಿಲ್ಲ, ಸುಖವಾಯಿತು. ಮದುವೆಯ ಹಂದರದ ನಗು ಒಂದೊಂದೇ ಹೆಜ್ಜೆಗೆ ಆರುತ್ತಾ ಹೋಯಿತು. ಅವನು ಮರಳಿ ಬರುವಾಗ ಸಿಮೆಂಟಿನ ಮೇಲೆ ಹಸಿ ಹೆಜ್ಜೆ ಮೂಡುತ್ತಿದ್ದವು, ಮೂಡಿದ ಹಾಗೆ ಆರುತ್ತಿದ್ದವು. ಕಾಲು ತೊಳೆದು ಬಂದಿದ್ದಾನೆ ಎಂದು ಹಮಾಲರು ತಿಳಿದರು. ಅವನು ಹೋದ ಕಡೆ ನೀರೇ ಇರಲಿಲ್ಲ. ಗುಳ್ಳೆ ಎದ್ದು ಒಡೆದ ನೀರು ಅದು. ಆಗಲೇ ಕೂಗಿದ್ದರೆ, ತಣ್ಣೀರು ಸುರಿದು ದವಾಖಾನೆಗೆ ಒಯ್ದಿದ್ದರೆ, ಕಾಲು ಉಳಿಯುತ್ತಿತ್ತು. ನಾನು ತುಟಿ ಬಿಚ್ಚಲಿಲ್ಲ. ಅವನು ಸುಟ್ಟ ಅಂಗಾಲಿಗೆ ಚಪ್ಪಲಿ ಮೆಟ್ಟಿ, ಹಾಡು ಗುನುಗುತ್ತಾ ಕಲ್ಯಾಣದ ಬಸ್ಸಿಗೆ ಹೋದ.

ಮನೆಯಲ್ಲಿ ಅವನ ಹೆಂಡತಿ ಒದ್ದೆಯನ್ನು ಕೈಯಿಂದ ಮುಟ್ಟಿ ತಿಳಿದು ಅರಿಶಿನ ಮೆತ್ತಿದರಂತೆ. ದವಾಖಾನೆಗೆ ಹೋಗುವಷ್ಟರಲ್ಲಿ ಕೀವು ಬೆರಳಿಗೆ ಏರಿತ್ತು. ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ. ಬಯಸಿದ್ದು ಬಂದಿತ್ತು, ಬಯಸಿದ್ದಕ್ಕಿಂತ ಹೆಚ್ಚು ಬಂದಿತ್ತು. ಬಹಳ ದಿನ ಆ ಕಡೆ ಮುಖ ಹಾಕಲಿಲ್ಲ. ಕೊನೆಗೆ ಹೋದೆ.

ಅವನ ಹೆಂಡತಿ, ಅತ್ತಿಗೆ ಎನ್ನುವಂತೆ ನಾವೆಲ್ಲ ವೈನಿ ಎಂದು ಕರೆಯುತ್ತಿದ್ದವರು, ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಪೊರೆ ಬಂದ ಕಣ್ಣಿಗೆ ತಂಬಿಗೆ ಸರಿಯಾಗಿ ಕಾಣದೆ ಅರ್ಧ ನೀರು ಹೊಸ್ತಿಲಿಗೆ ಚೆಲ್ಲಿತು. ಅವನು ಹೊರಸಿನ ಮೇಲೆ ಕೂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದ: "ರಾಶಿಗಿ ಮರ್ಯಾದಿ ಕೊಟ್ಟ ಕಾಲಿದು. ಎರಡ ಬೆರಳ ಲಕ್ಷ್ಮಿಗಿ ಹೋದ್ವು, ಹೋಗ್ಲಿ!"

ಪಕ್ಕದವರು ಎದ್ದು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಕಾಳು, ಹಂದರ, ಡಾಕ್ಟರ ಮಾತು, ಇಲ್ಲದ ಕಸ, ಹಸಿ ಹೆಜ್ಜೆ. ವೈನಿ ಕೈಯಲ್ಲಿದ್ದ ಚಹಾದ ಬಟ್ಟಲು ನನಗೆ ಕೊಡದೆ ಒಳಗೆ ಹೋದರು.

ಅವನು ಅರಿವೆ ಸುತ್ತಿದ ತನ್ನ ಕಾಲನ್ನು ನೋಡಿಕೊಂಡ. ಆಮೇಲೆ, "ಹಿಮ್ಮಡ ತೋರ್ಸು," ಎಂದ.

ತೋರಿಸಿದೆ.

"ಮಗುವಿನ ಕಾಲಿನಂಗ ಅದಾವಲ್ಲೋ! ನಾ ನಗ್ಯಾಡಿದ ಒಂದ ಮಾತಿಗಿ ಇಷ್ಟ ವರ್ಷ ಎಣ್ಣಿ ತಿಕ್ಕೊಂಡ ಕುಂತಿ ಏನು?"

"ನಿಮಗ ನೆನಪದ ಏನ್ರಿ?"

"ಇಲ್ಲ. ಹಂತಾವು ದಿನಾ ಹತ್ತ ಮಂದಿಗಿ ಅಂತಿದ್ದೆ." ಅವನು ಆ ಕಾಲನ್ನು ನನ್ನ ಮುಂದೆ ಚಾಚಿದ. "ನನ್ನ ಕಾಲ ತಿಂದಿ ನೀ. ಕಾಲಿಗಿ ಬಿದ್ದರೂ ಮಾಫಿ ಇಲ್ಲ ನಿನಗ."

ನಾನು ಎದ್ದೆ.

"ಎಲ್ಲಿಗಿ ಹೊಂಟಿ? ಕುಂದ್ರು. ಇದರ ತಳ ನನಗ ಬಗ್ಗಿ ನೋಡಾಕ ಆಗಂಗಿಲ್ಲ. ನಿಮ್ಮ ವೈನಿಗಿ ಕಣ್ಣ ಕಾಣಂಗಿಲ್ಲ. ಡಾಕ್ಟರ ಹೇಳಿದ್ದೆಲ್ಲಾ ನಿನಗ ಬಾಯಿಪಾಠ ಅದ. ಇನ್ನ ಮ್ಯಾಲೆ ನೀನೇ ಬಂದ ನೋಡಬೇಕು. ಒಳಗಲ್ಲ. ಹೊರಗ, ಕಟ್ಟಿ ಮ್ಯಾಲೆ, ಓಣಿ ಮಂದಿ ಮುಂದ."

ಅಂದಿನಿಂದ ಕಟ್ಟೆಯ ಮೇಲೆ ಅವನ ಕಾಲು ನನ್ನ ತೊಡೆಯ ಮೇಲಿರುತ್ತದೆ. ಬೆರಳ ಸಂದಿ ಒರೆಸುತ್ತೇನೆ, ಉಗುರನ್ನು ನೆಟ್ಟಗೆ ಕತ್ತರಿಸುತ್ತೇನೆ, ಒಣ ಚರ್ಮಕ್ಕೆ ಎಣ್ಣೆ ಹಚ್ಚುತ್ತೇನೆ, ಸಂದಿಗೆ ಮಾತ್ರ ಹಚ್ಚುವುದಿಲ್ಲ, ಅಲ್ಲಿ ಪಸೆ ನಿಂತರೆ ಹುಣ್ಣಾಗುತ್ತದೆ. ದಾರಿಯಲ್ಲಿ ಹೋಗುವವರನ್ನು ಅವನು ಕರೆದು ನಿಲ್ಲಿಸುತ್ತಾನೆ. "ಬರ್ರಿ, ನಮ್ಮ ಮಾಸ್ತರನ್ನ ನೋಡ್ರಿ. ಹಿಮ್ಮಡದಾಗ ಜ್ವಾಳ ಕದೀತಿದ್ದ, ಈಗ ನನ್ನ ಹಿಮ್ಮಡ ಕಾಯಾಕತ್ತಾನ!" ಮರೆತಿದ್ದ ಮಾತನ್ನು ಅವನಿಗೆ ನೆನಪು ಮಾಡಿಕೊಟ್ಟವನು ನಾನೇ.

ಪಶ್ಚಾತ್ತಾಪ ಬಂದರೆ ಹಗೆ ಹೋಗುತ್ತದೆ ಎಂದುಕೊಂಡಿದ್ದೆ. ಪೂರ್ತಿ ಹೋಗಿಲ್ಲ. ಹೋದ ವಾರವೂ ಅವನು ಹಾಗೆ ಕೂಗಿ, ನಿಂತವರೆಲ್ಲ ನಕ್ಕಾಗ, ನನ್ನ ಹೆಬ್ಬೆರಳು ಅವನ ಗಾಯದ ಹೊಸ ಚರ್ಮದ ಮೇಲಿತ್ತು. ಒತ್ತಿದರೆ ಅವನಿಗೆ ತಿಳಿಯುವುದಿಲ್ಲ. ಆ ಚರ್ಮ ತೆಳ್ಳಗೆ, ಗುಲಾಬಿಯಾಗಿ, ಈರುಳ್ಳಿಯ ಒಳಪದರದಂತಿತ್ತು. ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡದೆ, ಹಲ್ಲಿಲ್ಲದ ಬಾಯಿ ತೆರೆದು ಓಣಿಯ ಜೊತೆ ನಗುತ್ತಿದ್ದ. ಆ ಕಾಲನ್ನು ಪೂರ್ತಿ ನನ್ನ ಕೈಗೆ ಬಿಟ್ಟಿದ್ದ.

ಹೆಬ್ಬೆರಳು ಎತ್ತಿದೆ. ಗಾಯಕ್ಕೆ ಊದಿ, ಅರಿವೆ ಸುತ್ತಿ, ಚಪ್ಪಲಿಯೊಳಗೆ ಕೈ ಹಾಕಿ ನೋಡಿದೆ. ಒಂದು ಸಣ್ಣ ಕಲ್ಲಿನ ಹರಳಿತ್ತು. ತೆಗೆದು ನನ್ನ ಕಿಸೆಗೆ ಹಾಕಿಕೊಂಡೆ.