ಮೆಮರಿ ಹೋಗಿದೆ ಅಂತ ಬರೆಯುವ ಮೊದಲು

ಕಾಸರಕೋಡಿನ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಪದೇಪದೇ ತಾನಾಗಿಯೇ ಆಫ್ ಆಗುತ್ತಿತ್ತು. ರಿಪೇರಿಗೆ ಹೋದ ನಾನು, ಮೆಮರಿ ಕೆಟ್ಟಿದೆಯೇ ನೋಡೋಣವೆಂದು ಪೆನ್‌ಡ್ರೈವಿನಿಂದ ಪರೀಕ್ಷೆಯ ಪ್ರೋಗ್ರಾಂ ಹಾಕಿದೆ. ಶುರುಮಾಡಲು ಒಂದು ಕೀ ಒತ್ತು ಎಂದಿತು. ಒತ್ತಿದೆ, ಗುದ್ದಿದೆ, ಕೀಬೋರ್ಡನ್ನೇ ಬದಲಿಸಿದೆ. ಪರದೆ ಮಿಸುಕಲಿಲ್ಲ.

“ಎಂತ ಆತು ತಮ್ಮಾ?” ಎಂದರು ಅಂಗಡಿಯ ಅಕ್ಕ.

“ಈ ಹಳೇ ಪ್ರೋಗ್ರಾಮಿಗೆ ಹೊಸ ಕೀಬೋರ್ಡಿನ ಭಾಷೆ ತಿಳಿಯೂದಿಲ್ಲ ಅಕ್ಕ. ಸಾಕಾತು. ಮೆಮರಿ ಹೋಗಿದೆ ಅಂತ್ಲೇ ಚೀಟಿ ಬರೀತೇನೆ.”

ಅಕ್ಕ ನಾನೆತ್ತಿದ ಪೆನ್ನನ್ನು ನೋಡಿದರು.

“ನಮ್ಮ ಅಮ್ಮನಿಗೂ ಆಸ್ಪತ್ರೇಲಿ ಹೀಗೇ ಬರೆದುಕೊಟ್ಟಿದ್ರು. ಮರೆವಿನ ಪರೀಕ್ಷೆ ಅಂತ ನನ್ನ ಹೊರಗೆ ಕೂರಿಸಿ, ಅವಳನ್ನ ಒಳಗೆ ಕರ್ಕೊಂಡು ಹೋದ್ರು. ಒಂದಕ್ಕೂ ಉತ್ತರ ಕೊಡಲಿಲ್ಲ, ನೆನಪು ಹೋಗಿದೆ ಅಂದ್ರು. ಆ ಚೀಟಿ ನಂಬಿ ನಾವೂ ಅವಳನ್ನ ಎಂತದೂ ಕೇಳೂದು ಬಿಟ್ವು. ಕೊನೇ ದಿನಗಳಲ್ಲಿ ಅವಳೇ ಹೇಳಿದ್ಲು, ಆ ಡಾಕ್ಟರು ಕನ್ನಡದಲ್ಲಿ ಎಂತ ಕೇಳಿದ್ರೋ ನಂಗೆ ತಿಳೀಲೇ ಇಲ್ಲ ಅಂತ. ಅವಳಿಗೆ ಕೊಂಕಣಿ ಬಿಟ್ರೆ ಬೇರೆ ಬರ್ತಿರ್ಲಿಲ್ಲ.”

ಎತ್ತಿದ್ದ ಪೆನ್ನನ್ನು ಕಿಸೆಗೆ ಹಾಕಿದೆ. ಕುಮಟೆಯ ಗೆಳೆಯನಿಗೆ ಫೋನ್ ಮಾಡಿ, ಈ ಪ್ರೋಗ್ರಾಮಿಗೆ ತಿಳಿಯುವಂಥ ದುಂಡು ಪಿನ್ನಿನ ಹಳೇ ಕೀಬೋರ್ಡ್ ಒಂದನ್ನು ಬಸ್ಸಿಗೆ ಹಾಕಿ ಕಳಿಸಲು ಹೇಳಿದೆ.

ಯಂತ್ರಕ್ಕಾದರೆ ಇಷ್ಟೆಲ್ಲ ಮಾಡುತ್ತೇವೆ.