ಆಂಬುಲೆನ್ಸಮ್ಮ ಕಾದು ನೋಡಿದ ಹಗಲು

ಬೀದಿಯವರು ಆ ಸೂಲಗಿತ್ತಿಗೆ ಆಂಬುಲೆನ್ಸಮ್ಮ ಎಂದು ಹೆಸರಿಟ್ಟು ಇನ್ನೂ ಬಹಳ ದಿನವಾಗಿರಲಿಲ್ಲ. ಅದಕ್ಕೆ ಕಾರಣ ಗಾರೆಕೆಲಸದವನ ಮಗು. ಅದರ ಉಸಿರಾಟ ಸರಿಯಿಲ್ಲವೆಂದು ಹೆದರಿ ಅವಳು ಆಂಬುಲೆನ್ಸ್ ಕರೆಸಿದ್ದಳು. ದೊಡ್ಡಾಸ್ಪತ್ರೆ ತಲುಪುವಷ್ಟರಲ್ಲಿ ಮಗು ವಾರ್ಡಿನ ಸೂರು ಹಾರಿಹೋಗುವಂತೆ ಕಿರುಚಿ, ನರ್ಸಿನ ಬಟ್ಟೆಯನ್ನೂ ಒದ್ದೆ ಮಾಡಿತ್ತು.

"ಇದಕ್ಕೇನಮ್ಮ ಆಗಿದೆ? ನಮಗಿಂತ ಗಟ್ಟಿಮುಟ್ಟಾಗಿದೆಯಲ್ಲ!" ಎಂದು ನರ್ಸು ನಕ್ಕಿದ್ದಳು. "ಮಗು ಸೀನಿದ್ರೂ ಇಲ್ಲಿಗೆ ಹೊತ್ಕೊಂಡು ಬರ್ತೀಯಾ?"

ಗಾರೆಕೆಲಸದವನು ಆ ಮಾತನ್ನು ಬೀದಿಗೆಲ್ಲ ಹಂಚಿದ. ಸೂಲಗಿತ್ತಿಯೂ ಎಲ್ಲರ ಜೊತೆ ನಕ್ಕಳು. ಒಳಗೆ ಮಾತ್ರ ಅದು ಮುಳ್ಳಿನಂತೆ ಮುರಿದುಕೊಂಡಿತು.

ದರ್ಜಿಯ ಸೊಸೆ ಹೆತ್ತ ಮಾರನೆಯ ಬೆಳಗ್ಗೆ ಅವಳು ನೋಡಲು ಹೋದಳು. ಹೊಲಿಗೆ ಯಂತ್ರದ ಹಿಂದೆ, ಪರದೆ ಎಳೆದ ಮೂಲೆಯಲ್ಲಿ ಬಾಣಂತಿ ಹೆಣ್ಣುಕೂಸಿನ ಜೊತೆ ಮಲಗಿದ್ದಳು.

"ಅಕ್ಕ, ಇವಳು ಹಾಲೇ ಕುಡೀತಿಲ್ಲ. ಆಸ್ಪತ್ರೆಗೆ ತೋರಿಸೋಣ್ವಾ?" ಎಂದು ಬಾಣಂತಿ ಕೇಳಿದಳು.

ಸೂಲಗಿತ್ತಿ ಕೂಸಿನ ಪಾದ ಮುಟ್ಟಿದಳು. ತಣ್ಣಗಿತ್ತು. ಹಾಲು ಬಿಟ್ಟ, ಪಾದ ತಣ್ಣಗಾದ ಹಸುಗೂಸನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬಾರದೆಂದು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಕೈ ಫೋನಿನ ಕಡೆಗೆ ಹೋಯಿತು. ಅಷ್ಟರಲ್ಲಿ ನರ್ಸಿನ ನಗು ಕಿವಿಯಲ್ಲಿ ಕೇಳಿಸಿತು.

"ಎದೆಗೆ ಅವಚಿಕೊಂಡು ಮಲಗು ತಾಯಿ. ಸ್ವಲ್ಪ ಹೊತ್ತು ನೋಡೋಣ," ಎಂದಳು.

"ನೀನು ಹೇಳಿದ ಮೇಲೆ ಮುಗೀತು ಬಿಡು," ಎಂದಳು ದರ್ಜಿಯ ಹೆಂಡತಿ, ಮೊಮ್ಮಗಳ ತಲೆ ಸವರುತ್ತ. "ಆಡಿಕೊಳ್ಳೋರು ಆಡಿಕೊಳ್ಳಲಿ."

ಸ್ವಲ್ಪ ಹೊತ್ತು ಎಂದದ್ದು ಮಧ್ಯಾಹ್ನದವರೆಗೂ ಎಳೆಯಿತು. ಹಾಲು ಹಿಂಡಿ ಚಮಚದಲ್ಲಿ ಬಿಟ್ಟರೆ ತುಟಿಯ ಅಂಚಿನಿಂದ ಹಾಗೇ ಇಳಿದುಹೋಗುತ್ತಿತ್ತು. ಸೂಲಗಿತ್ತಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ದೇವರೇ, ಇವಳು ಒಂದು ಗುಟುಕು ಕುಡಿಯಲಿ, ಮತ್ತೆ ಅಲ್ಲಿ ಹೋಗಿ ನಗೆಗೀಡಾಗದ ಹಾಗೆ ಮಾಡು. ಬೇಡಿದ ಮೇಲೆ ತಾನು ಏನು ಬೇಡಿದೆನೆಂದು ಅವಳಿಗೆ ಗೊತ್ತಾಯಿತು. ಮಗುವಿಗಾಗಿ ಅಲ್ಲ, ತನ್ನ ಮರ್ಯಾದೆಗಾಗಿ ಕೈಮುಗಿದಿದ್ದಳು.

ಎದ್ದು ಕೂಸನ್ನು ಎತ್ತಿದಳು. ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಆಗ ಫೋನ್ ಮಾಡಿದಳು.

"ಏನಮ್ಮ, ಮತ್ತೆ ಸವಾರಿನಾ?" ಎನ್ನುತ್ತ ಬಂದ ಡ್ರೈವರ್ ಅವಳ ಮುಖ ನೋಡಿ ಓಡಿಹೋಗಿ ಹಿಂದಿನ ಬಾಗಿಲು ತೆರೆದ.

ವಾರ್ಡಿನಲ್ಲಿ ಅದೇ ನರ್ಸು. "ಹಾಲು ಯಾವಾಗಿಂದ ಬಿಟ್ಟಿದೆ?"

"ಈಗ್ಲೇ, ಸಿಸ್ಟರ್," ಎಂದು ದರ್ಜಿಯ ಹೆಂಡತಿ ಮುಂದೆ ಬಂದಳು. "ನೋಡಿದ ತಕ್ಷಣ ಇವಳು ಹೊರಡಿಸಿಬಿಟ್ಟಳು."

ಆ ಸುಳ್ಳು ಸೂಲಗಿತ್ತಿಯ ಮಾನ ಕಾಯಲೆಂದೇ ಬಂದದ್ದು. ಅದರ ಹಿಂದೆ ನಿಂತುಬಿಟ್ಟರೆ ಸಾಕಿತ್ತು. ಆದರೆ ಡಾಕ್ಟರು ಅದನ್ನೇ ನಂಬಿ ಔಷಧಿ ಕೊಟ್ಟರೆ?

"ಇಲ್ಲ. ಬೆಳಗ್ಗಿಂದ," ಎಂದಳು ಸೂಲಗಿತ್ತಿ. "ಆಗಲೇ ಪಾದ ತಣ್ಣಗಿತ್ತು. ಬಾಣಂತಿ ಕೇಳಿದ್ಲು, ನಾನೇ ತಡೆದೆ. ನೀವು ನಗ್ತೀರಿ ಅಂತ."

ನರ್ಸು ಮರುಕ್ಷಣವೇ ಕೂಸನ್ನು ಎತ್ತಿಕೊಂಡು ಡಾಕ್ಟರನ್ನು ಕೂಗುತ್ತ ಒಳಗೆ ಓಡಿದಳು.

ಹೊರಗಿನ ಬೆಂಚಿನಲ್ಲಿ ದರ್ಜಿಯ ಹೆಂಡತಿ ಬೈಯಲಿಲ್ಲ. ತನ್ನ ಚೀಲವನ್ನು ತಂದು ಇಬ್ಬರ ನಡುವೆ ಇಟ್ಟುಕೊಂಡಳು, ಅಷ್ಟೇ. ಕತ್ತಲಾಗುವ ಮುಂಚೆ ಡಾಕ್ಟರು ಬಂದು, "ರಕ್ತಕ್ಕೆ ನಂಜೇರಿತ್ತು. ಉಳೀತಾಳೆ. ಇನ್ನೂ ಮುಂಚೆ ತಂದಿದ್ರೆ ಇಷ್ಟು ಚುಚ್ಚಬೇಕಿರಲಿಲ್ಲ," ಎಂದರು.

ಮಗು ಮನೆಗೆ ಬಂದ ದಿನ ಸೂಲಗಿತ್ತಿ ಹೊಸಿಲ ಹೊರಗೇ ನಿಂತಳು. ಬಾಣಂತಿಯೇ ಒಳಗೆ ಕರೆದು ಕೂಸನ್ನು ಅವಳ ಮಡಿಲಲ್ಲಿಟ್ಟಳು. ಎಳೆಯ ಕೈಯ ಮೇಲೆಲ್ಲ ಸೂಜಿ ಚುಚ್ಚಿದ ನೀಲಿ ಕಲೆಗಳು.

"ಅಕ್ಕ, ಅವತ್ತು ನಾನು ಕೇಳಿದ್ದೆ."

"ಹೌದು ಕಣಮ್ಮ. ನೀನು ಕೇಳಿದ್ದೆ."

ಸೂಲಗಿತ್ತಿ ಕೂಸಿನ ಪಾದ ಮುಟ್ಟಿದಳು. ಬೆಚ್ಚಗಿತ್ತು. ತಲೆ ಎತ್ತಿ ಬಾಣಂತಿಯ ಮುಖ ನೋಡಲು ಮಾತ್ರ ಅವಳಿಂದ ಆಗಲಿಲ್ಲ.