ಖಂಡೇನವಮಿಯ ತಣ್ಣೀರು

ಮೋಟಾರಿನೊಳಗೆ ಕುಳಿತಾಗ ಡಾಕ್ಟರರ ರುಮಾಲು ಚಾವಣಿಗೆ ತಾಗುತ್ತಿತ್ತು. ಅದನ್ನು ತೆಗೆದಿಟ್ಟು ಬರಿದಲೆಯಲ್ಲಿ ರೋಗಿಯ ಮನೆಗೆ ಹೊರಡುವುದು ಅವರಿಗೆ ಅಮಂಗಲವೆನಿಸುತ್ತಿತ್ತು. ಚಾವಣಿಯನ್ನು ಎತ್ತರಿಸುವಂತೆಯೂ ಇರಲಿಲ್ಲ. ಆದ್ದರಿಂದ ತಲೆಯನ್ನು ಎಡಭುಜದತ್ತ ವಾಲಿಸಿಕೊಂಡೇ ಗಾಡಿ ಓಡಿಸುತ್ತಿದ್ದರು. ವರ್ಷಗಳು ಕಳೆದಂತೆ ಆ ವಾಲು ಅವರ ಕುತ್ತಿಗೆಯಲ್ಲಿ ನೆಲೆಸಿಬಿಟ್ಟಿತು. ನೆಲದ ಮೇಲೆ ನಡೆಯುವಾಗಲೂ, ದೇವರ ಮುಂದೆ ಕೈಮುಗಿದು ನಿಂತಾಗಲೂ, ಯಾರೋ ಮೆಲ್ಲಗೆ ಹೇಳುತ್ತಿರುವ ಮಾತಿಗೆ ಕಿವಿಗೊಟ್ಟವರಂತೆ ಕಾಣುತ್ತಿದ್ದರು.

ಪುಣೆಯ ಸದಾಶಿವ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಾವಿಬ್ಬರೂ ನೆರೆಹೊರೆಯವರಾಗಿದ್ದೆವು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕ. ಅವರು ಧಾರವಾಡದ ಕಡೆಯಿಂದ ಬಂದು ಅಲ್ಲಿಯೇ ವೈದ್ಯವೃತ್ತಿ ಹಿಡಿದವರು. ಹೊರಗೆ ಇಡೀ ದಿನ ಮರಾಠಿಯಲ್ಲಿ ವ್ಯವಹರಿಸಿ, ಸಂಜೆ ನನ್ನ ಪಡಸಾಲೆಗೆ ಬಂದು ಕುಳಿತು, ಅರ್ಧ ತಾಸು ಪುರಾಣ ಕೇಳಿ, ಕನ್ನಡದಲ್ಲಿ ನಾಲ್ಕು ಮಾತಾಡಿ ಹೋಗುವುದು ಅವರ ನಿಯಮ. ಕೂಸನ್ನು ಮುಟ್ಟುವ ಮೊದಲು ಕೈಗಳನ್ನು ಕೆಂಡದ ಮೇಲೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಔಷಧ ಬರೆದುಕೊಡುವಾಗ, “ಇದರಿಂದ ಆಗ್ತದಂತ ನನಗ ಅನಸ್ತದ,” ಎನ್ನುತ್ತಿದ್ದರೇ ಹೊರತು ಆಗಿಯೇ ತೀರುತ್ತದೆ ಎಂದು ಎಂದೂ ಹೇಳಿದವರಲ್ಲ. ಖಚಿತವಾದ ಮಾತು ಕೊಡುವುದು ಅವರಲ್ಲಿ ಅಪರೂಪ. ಕೊಟ್ಟರೆ ಅದನ್ನು ವ್ರತದಂತೆ ಪಾಲಿಸುತ್ತಿದ್ದರು.

ಅಂಥ ಮಾತೊಂದನ್ನು ಅವರು ಆ ವರ್ಷ ಕೊಟ್ಟಿದ್ದರು. ಜೇಜುರಿಗೆ ಹೋಗುವ ದಾರಿಯಲ್ಲಿ, ದಿವೆಘಾಟನ್ನು ಹತ್ತಿದ ಮೇಲೆ ಸಿಗುವ ಒಂದು ಹಳ್ಳಿಯ ರೈತರ ಸೊಸೆ ಬಸುರಿಯಾಗಿದ್ದಳು. ಅವಳ ಹಿಂದಿನ ಎರಡು ಕೂಸುಗಳೂ ಹೆರಿಗೆಯಲ್ಲಿಯೇ ತೀರಿಹೋಗಿದ್ದವು. ಆಸ್ಪತ್ರೆಗೆ ಕಳಿಸಲು ಅತ್ತೆ ಒಪ್ಪಲಿಲ್ಲ. ನೋವು ಕಂಡ ಕೂಡಲೇ ಹೇಳಿಕಳಿಸಿರಿ, ಯಾವ ಹೊತ್ತಿನಲ್ಲಿದ್ದರೂ ಬರುತ್ತೇನೆ ಎಂದು ಡಾಕ್ಟರರು ಆ ಹೆಣ್ಣುಮಗಳಿಗೆ ಹೇಳಿ ಬಂದಿದ್ದರು. ದೀಪಾವಳಿಯ ಆಚೀಚೆ ಹೆರಿಗೆಯೆಂದು ಅವರ ಅಂದಾಜು.

ಖಂಡೇನವಮಿಯ ಬೆಳಿಗ್ಗೆ ಅವಳನ್ನು ನೋಡಿಕೊಂಡು ಘಾಟು ಇಳಿದು ಬಂದವರು, ಬ್ರೇಕು ಸಡಿಲಾಗಿದೆಯೆಂದು ಗಾಡಿಯನ್ನು ನೇರವಾಗಿ ಗ್ಯಾರೇಜಿಗೆ ಒಯ್ದು ಬಿಟ್ಟರು. ಗ್ಯಾರೇಜಿನ ಮಾಲಕರು ವಿಜಾಪುರದ ಕಡೆಯವರು, ಕನ್ನಡಿಗರು ಮಲ್ಲಯ್ಯನೆನ್ನುವ ಜೇಜುರಿಯ ಖಂಡೋಬನ ಒಕ್ಕಲು, ನಿಷ್ಠಾವಂತರು. ಆಯುಧಪೂಜೆಯ ದಿನ ಅಲ್ಲಿ ತಮ್ಮ ಗಾಡಿ, ಗಿರಾಕಿಗಳ ಗಾಡಿ ಎಂಬ ಭೇದವಿಲ್ಲದೆ ಎಲ್ಲವಕ್ಕೂ ಪೂಜೆ ಸಲ್ಲುತ್ತಿತ್ತು. ಅಂದು ಮುಹೂರ್ತ ಮೀರುತ್ತಿದೆಯೆಂಬ ಅವಸರ. ಕೆಲಸಗಾರರು ಆಗತಾನೆ ಬಂದು ನಿಂತ ಗಾಡಿಯನ್ನೂ ಸಾಲಿಗೆ ತಳ್ಳಿದರು. ದೇವರಿಗೆ ಅಭಿಷೇಕ ಮಾಡದೆ ಅರಿಸಿನ ಏರಿಸುವುದುಂಟೆ ಎಂದು, ಮುಂದಿನ ಮುಚ್ಚಳ ಎತ್ತಿ, ಬಾವಿಯ ತಣ್ಣೀರನ್ನು ಕೊಡಗಟ್ಟಲೆ ಇಂಜಿನ್ನುಗಳ ಮೇಲೆ ಸುರಿದರು. ಉಳಿದವು ತಣ್ಣಗಿದ್ದವು, ಏನೂ ಆಗಲಿಲ್ಲ. ಡಾಕ್ಟರರ ಗಾಡಿ ಘಾಟು ಇಳಿದು ಬಂದ ಕಾವಿನಲ್ಲಿತ್ತು. ಎರಕದ ಕಬ್ಬಿಣ ಬಿರುಕುಬಿಟ್ಟಿತು. ಖಂಡೋಬನ ‘ಏಳಕೋಟಿ’ ಜಯಘೋಷದಲ್ಲಿ ಆ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಬಿರುಕಿನ ಮೇಲೆಯೇ ಅರಿಸಿನ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದರು.

ದಸರೆಯ ಮರುದಿನ ಡಾಕ್ಟರರೊಂದಿಗೆ ನಾನೂ ಗ್ಯಾರೇಜಿಗೆ ಹೋಗಿದ್ದೆ. ಮಾಲಕರು ಏನನ್ನೂ ಮುಚ್ಚಿಡಲಿಲ್ಲ. ನಡೆದದ್ದನ್ನು ಇದ್ದಂತೆಯೇ ಹೇಳಿದರು, ಬಿರುಕನ್ನೂ ತಾವೇ ತೋರಿಸಿದರು. ಆದರೆ ತಾವು ತುಂಬಿಕೊಡಬೇಕಾದದ್ದು ಏನೂ ಇಲ್ಲವೆಂದು ಅವರ ದೃಢವಾದ ನಂಬಿಕೆ.

“ಕೆಲಸದಾಗ ಒಡದಿದ್ರ ನಾ ಕೊಡತಿದ್ದೆರಿ ಡಾಕ್ಟರ್ ಸಾಹೇಬ್ರ. ಇದು ಪೂಜಾದಾಗ ಆದದ್ದು. ದೇವರ ಸೇವಾಕ್ಕ ದಂಡ ಹ್ಯಾಂಗ ಕಟ್ಟಲಿ?” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಶಾಸ್ತ್ರಿಗಳ, ನೀವು ಓದಿದವ್ರು. ನೀವ ಹೇಳ್ರಿ,” ಎಂದರು.

ಅರಿಯದೆ ಪೂಜೆಯಲ್ಲಿ ಲೋಪವಾದರೆ ಕ್ಷಮಾಪಣೆಯಿಂದ ಅದು ಪರಿಹಾರವಾಗುತ್ತದೆಂದು ನಾನು ಶಾಸ್ತ್ರವಿದ್ದಂತೆ ಹೇಳಿದೆ. ಮಾಲಕರ ಮುಖ ಅರಳಿತು. ಡಾಕ್ಟರರು ವಾಲಿದ ಕತ್ತಿನಿಂದಲೇ ನನ್ನತ್ತ ತಿರುಗಿದರು.

“ಖರೇ ಅದ. ದೇವರ ಕಡೆ ಆದ ಲೋಪಾ ದೇವರು ಕ್ಷಮಿಸಿರಬೇಕು. ನನ್ನ ಗಾಡೀದೂ ಅವನ ಮ್ಯಾಲೇ ಹಾಕಿದ್ರ ಅವನಿಗೆ ಅನ್ಯಾಯ ಆಗ್ತದರಿ,” ಎಂದರು.

ಮುಂದಿನ ವಾರ ಮಾಲಕರು ಬರಿಗಾಲಲ್ಲಿ ಜೇಜುರಿಗೆ ನಡೆದುಹೋಗಿ, ಡಾಕ್ಟರರ ಹೆಸರಿನಲ್ಲಿ ಪೂಜೆ ಮಾಡಿಸಿ, ಪ್ರಸಾದ ಹಿಡಿದುಕೊಂಡು ವಾಡೆಗೆ ಬಂದರು. ಕಾಲುಗಳು ಬೊಬ್ಬೆಯೆದ್ದಿದ್ದವು. ಡಾಕ್ಟರರು ಎದ್ದು ನಿಂತು ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು, ಅರಿಸಿನದ ಭಂಡಾರವನ್ನು ಹಣೆಗೆ ಹಚ್ಚಿಕೊಂಡರು, ಬೊಬ್ಬೆಗಳಿಗೆ ತಾವೇ ಮುಲಾಮು ಸವರಿದರು. ಅದು ಮುಗಿದ ಮೇಲೆ, ಅದೇ ಮೆಲುದನಿಯಲ್ಲಿ, ಇಂಜಿನ್ನಿನ ವಿಷಯ ಏನು ಮಾಡಿದಿರಿ ಎಂದು ಕೇಳಿದರು. ಮಾಲಕರು ನೊಂದುಕೊಂಡು ಎದ್ದುಹೋದರು.

ವಾಡೆಯಲ್ಲಿದ್ದ ವಕೀಲರೊಬ್ಬರು ಇದನ್ನು ಕೇಳಿ, ಗ್ಯಾರೇಜಿಗೆ ನೋಟೀಸು ಕೊಟ್ಟು ಹೊಸ ಗಾಡಿಯನ್ನೇ ಕೇಳಿರಿ, ಕೊನೆಗೆ ಅರ್ಧವಾದರೂ ದಕ್ಕುತ್ತದೆ ಎಂದು ಸಲಹೆಯಿತ್ತರು. ಡಾಕ್ಟರರು ಒಪ್ಪಲಿಲ್ಲ. ತಮ್ಮದು ಹೊಸ ಗಾಡಿಯಾಗಿರಲಿಲ್ಲ, ಅರ್ಧಕ್ಕೆ ಇಳಿಯುವ ಸಲುವಾಗಿ ದುಪ್ಪಟ್ಟು ಕೇಳುವುದು ತಮ್ಮ ಬಾಯಿಗೆ ಬಾರದು ಎಂದರು. “ನೀವು ಸಂತರು, ಹಿಂಗ ನಡಕೋತನ ಹೋಗ್ರಿ,” ಎಂದು ವಕೀಲರು ನಕ್ಕರು. ಡಾಕ್ಟರರು ನಿಜವಾಗಿಯೂ ನಡೆದುಕೊಂಡೇ ಗ್ಯಾರೇಜಿಗೆ ಹೋದರು. ದೀಪಾವಳಿ ಹತ್ತಿರವಾಗುತ್ತಿತ್ತು, ಘಾಟಿನ ಮೇಲಿನ ಆ ಮನೆಯ ಚಿಂತೆ ಅವರ ಮುಖದಲ್ಲಿ ಕಾಣುತ್ತಿತ್ತು.

ಮಾಲಕರಲ್ಲಿ ಒಂದು ಬಾಡಿಗೆಯ ಗಾಡಿಯಿತ್ತು. ಕರ್ನಾಟಕದಿಂದ ರೈಲಿನಲ್ಲಿ ಬರುವ ಯಾತ್ರಿಕರನ್ನು ಜೇಜುರಿಗೆ ಒಯ್ದು ತರುವುದು ಅದರ ಕೆಲಸ. ದಸರೆಯಿಂದ ಮಾರ್ಗಶಿರದ ಚಂಪಾಷಷ್ಠಿಯವರೆಗೆ ಅದರ ಸುಗ್ಗಿ. ಡಾಕ್ಟರರು ಕೇಳಿದ್ದು ಎರಡೇ: ಒಡೆದ ಭಾಗಕ್ಕೆ ಬದಲಿ ಭಾಗ, ಅದು ಬರುವತನಕ ರೋಗಿಗಳ ಕರೆ ಬಂದಾಗ ಆ ಗಾಡಿ. ಅದು ತಮ್ಮ ಅನ್ನದ ಗಾಡಿಯೆಂದು ಮಾಲಕರು ತಡೆದರು.

“ನಿಮ್ಮ ಹೊಟ್ಟೀ ಮ್ಯಾಲೆ ಹೊಡೀಲಿಕ್ಕೆ ನಾ ಬಂದಿಲ್ಲರಿ. ಯಾತ್ರಿಕರನ್ನ ಒಯ್ರಿ, ದುಡೀರಿ. ಆದ್ರ ಆ ಹುಡುಗಿ ನನ್ನ ಹಾದಿ ನೋಡ್ಕೋತ ಕೂತಾಳ. ನನ್ನ ಕಾಲು ನಿಮ್ಮ ಅಂಗಳದಾಗ ಮುರದು ಬಿದ್ದದ. ನಾ ಎಲ್ಲಿ ಹೋಗಿ ಕೇಳಲಿ?” ಎಂದರು ಡಾಕ್ಟರರು. ದನಿ ಏರಿರಲಿಲ್ಲ. ಮಾಲಕರು, ಕರೆ ಬಂದರೆ ಗಾಡಿ ಕಳಿಸುವೆನೆಂದರು. ಬದಲಿ ಭಾಗಕ್ಕೆ ಮಾತ್ರ ಒಪ್ಪಲಿಲ್ಲ.

ಕರೆ ಬಂದದ್ದು ನರಕಚತುರ್ದಶಿಯ ಬೆಳಿಗ್ಗೆ. ಆ ಹೆಣ್ಣುಮಗಳ ಮೈದುನ ಘಾಟು ಇಳಿದು ಸೈಕಲ್ಲಿನಲ್ಲಿ ಬಂದ. ಡಾಕ್ಟರರು ಗ್ಯಾರೇಜು ಮುಟ್ಟಿದಾಗ ಬಾಡಿಗೆಯ ಗಾಡಿಯಲ್ಲಿ ವಿಜಾಪುರದ ಕಡೆಯ ಇಂಡಿ ಸೀಮೆಯ ಮುದುಕಿಯರು ಗಂಟುಮೂಟೆಗಳೊಂದಿಗೆ ತುಂಬಿ ಕುಳಿತಿದ್ದರು. ಅಂದು ಮಾಲಕರೇ ಓಡಿಸುವವರಿದ್ದರು. ಅವರು ಯಾತ್ರಿಕರ ಮುಖ ನೋಡಿದರು, ಡಾಕ್ಟರರ ಮುಖ ನೋಡಿದರು. ವಿಷಯ ತಿಳಿದ ಒಬ್ಬ ಮುದುಕಿ, “ಹೆರೂ ಹೆಣ್ಣಮಗಳನ್ನ ಬಿಟ್ಟು ನಮ್ಮನ್ನ ಕರಕೊಂಡು ಹೋದ್ರ ಮಲ್ಲಯ್ಯ ಬಾಗಲಾ ತೆಗದಾನೇನ? ಸರಕೊಂಡು ಕುಂದರ್ರಿ ಎಲ್ಲಾರೂ. ಬಾ ಯಪ್ಪಾ, ನೀ ಕೂಡು,” ಎಂದು ತನ್ನ ಗಂಟನ್ನು ಮಡಿಲಿಗೆ ಎತ್ತಿಕೊಂಡಳು. ಡಾಕ್ಟರರು ಔಷಧದ ಪೆಟ್ಟಿಗೆಯೊಂದಿಗೆ ಅವರ ನಡುವೆ ಕುಳಿತು ಹೋದರು.

ಮುಂದಿನದನ್ನು ನನಗೆ ಹೇಳಿದವರು ಮಾಲಕರು. ಯಾತ್ರಿಕರು ಮುಂದೆ ಹೋಗಲು ಒಪ್ಪದೆ ಆ ಮನೆಯ ಕಣದಲ್ಲಿ ಬುತ್ತಿ ಬಿಚ್ಚಿ ಕುಳಿತರಂತೆ. ಒಳಗಿನಿಂದ ನರಳುವ ದನಿ ಕೇಳುತ್ತಿತ್ತಂತೆ, ಆಮೇಲೆ ಅದೂ ನಿಂತಿತಂತೆ. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಮಧ್ಯಾಹ್ನ ಕಳೆದು ಬಿಸಿಲು ಇಳಿದ ಮೇಲೆ ಅಳು ಕೇಳಿಸಿತು. ಹೆಣ್ಣು ಕೂಸು. ಮುದುಕಿಯರು ದೇವರಿಗೆಂದು ತಂದ ಭಂಡಾರವನ್ನು ಅಲ್ಲಿಯೇ ಹಿಡಿಗಟ್ಟಲೆ ತೂರಿದರು.

ಇಷ್ಟು ಹೇಳಿ ಮಾಲಕರು, “ಆ ಕಣದಾಗ ಕುಂತಾಗ ನನಗ ಒಂದ ಮಾತು ಕಾಡಿತ್ರಿ ಶಾಸ್ತ್ರಿಗಳ. ನಾ ಗಾಡಿ ಕೊಡೂದಿಲ್ಲಂದು ಆ ಕೂಸು ಹೋಗಿದ್ರ, ಯಾವ ದೇವರ ಹೆಸರು ಹೇಳತಿದ್ದೆ?” ಎಂದರು. ಮರುವಾರ ಅವರೇ ಮುಂಬಯಿಗೆ ಹೋಗಿ ಇಂಜಿನ್ನಿನ ಹೊಸ ಭಾಗ ತಂದು ಕೂಡಿಸಿದರು.

ಅಲ್ಲಿಗೂ ಮುಗಿಯಲಿಲ್ಲ. ಗಾಡಿ ಮೊದಲಿಗಿಂತ ಚೆನ್ನಾಗಿ ಓಡತೊಡಗಿದ್ದು ಕಂಡು ಡಾಕ್ಟರರು ಮತ್ತೆ ಗ್ಯಾರೇಜಿನ ಮೆಟ್ಟಿಲು ಹತ್ತಿದರು. ತಮ್ಮ ಹಳೆಯ ಇಂಜಿನ್ನು ಆಗಲೇ ಸವೆದಿತ್ತು. ಆ ಸವಕಳಿಯ ಪಾಲನ್ನು ತಾವು ಕೊಡತಕ್ಕದ್ದೆಂದು ಅವರ ವಾದ. ಮಾಲಕರಿಗೆ ಈಗ ನಿಜವಾಗಿ ಸಿಟ್ಟು ಬಂತು. “ಕೊಡೂದಿಲ್ಲಂದ್ರೂ ಬಿಡೂದಿಲ್ಲ, ಕೊಟ್ಟರೂ ಬಿಡೂದಿಲ್ಲ. ಎಂಥಾ ಗಿರಾಕಿ ಗಂಟು ಬಿದ್ದಾರ ನೋಡ್ರಿ,” ಎಂದು ನನ್ನೆದುರು ದೂರಿದರು. ಕೊನೆಗೆ ಆ ಹಣವನ್ನು ತೆಗೆದುಕೊಂಡರು. ಮರುವರ್ಷದ ಖಂಡೇನವಮಿಗೆ ಡಾಕ್ಟರರು ಗಾಡಿಯನ್ನು ಹಿಂದಿನ ಸಂಜೆಯೇ ಅಲ್ಲಿಗೆ ಪೂಜೆಗೆ ಕಳಿಸಿದರು. ಕಾವು ಆರಲಿ ಎಂದಷ್ಟೇ ಹೇಳಿಕಳಿಸಿದರು.

ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮೊದಲು, ಕಾರ್ತಿಕ ಮಾಸದಲ್ಲಿ, ಡಾಕ್ಟರರು ಅಲ್ಪಕಾಲದ ಜ್ವರದಿಂದ ದೈವಾಧೀನರಾದರು. ಅವರ ಸಂಸ್ಕಾರದ ಮಂತ್ರಗಳನ್ನು ಹೇಳುವ ಭಾಗ್ಯ ನನ್ನದಾಯಿತು. ಅಂದಿನಿಂದ ಇಂದಿನವರೆಗೆ ಅನೇಕರು ನನ್ನಲ್ಲಿಗೆ ಬಂದು, ತಮ್ಮಿಂದ ಇಂಥ ತಪ್ಪಾಯಿತು, ಪ್ರಾಯಶ್ಚಿತ್ತವೇನು ಎಂದು ಕೇಳುತ್ತಾರೆ. ನನಗೆ ಗ್ರಂಥಗಳು ಮುಖೋದ್ಗತವಾಗಿವೆ. ಆದರೂ ಕೂಡಲೇ ವಿಧಿಯನ್ನು ಹೇಳುವುದಿಲ್ಲ. ಆ ತಪ್ಪಿನಿಂದ ಯಾರಿಗೆ ನಷ್ಟವಾಯಿತು ಎಂದು ಕೇಳುತ್ತೇನೆ. ಅವರು ಒಂದು ಹೆಸರು ಹೇಳುತ್ತಾರೆ. ಮೊದಲು ಆ ಮನೆಗೆ ಹೋಗಿ ಬನ್ನಿ, ನಾನು ಇಲ್ಲಿಯೇ ಕುಳಿತಿರುತ್ತೇನೆ ಎನ್ನುತ್ತೇನೆ.